ವಾಸನೆ ಬಂದ ಬುಧವಾರ

ಬುಧವಾರ ಬೆಳಿಗ್ಗೆ 9.20ಕ್ಕೆ ನಂಜನಗೂಡಿನ ಠಾಣೆಗೆ ದೂರು ಬಂತು. ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಯಾರೋ ಗಾಳಿ ಶುದ್ಧಮಾಡುವ ಬಯೋಫಿಲ್ಟರನ್ನು ಹಾಳುಮಾಡಿದ್ದರು. ಅದರ ಪಕ್ಕ ಕಸ ಗುಡಿಸುತ್ತಿದ್ದ ರೋಜಾ ಎಂಬಾಕೆ ಉಸಿರು ಕಟ್ಟಿ ಬಿದ್ದು ಆಸ್ಪತ್ರೆ ಸೇರಿದ್ದಳು. ಇನ್ಸ್‌ಪೆಕ್ಟರ್ ಶ್ರೀವಾಣಿ ಎಫ್‌ಐಆರ್ ದಾಖಲಿಸಿ, ಕಾನ್ಸ್‌ಟೇಬಲ್ ಸಿದ್ದುವನ್ನು ಕರೆದುಕೊಂಡು ಜೀಪು ಹತ್ತಿದರು.

ಗೇಟಿನಲ್ಲೇ ಥಿನ್ನರ್ ವಾಸನೆ ಗಂಟಲು ಹಿಡಿಯಿತು. ಮ್ಯಾನೇಜರ್ ಮುರಳೀಧರ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಹಿತ್ತಲಿನ ಸಿಮೆಂಟ್ ತೊಟ್ಟಿ ತೋರಿಸಿದ. ಅದರ ತುಂಬ ತೆಂಗಿನ ನಾರು, ಕಾಂಪೋಸ್ಟ್ ಗೊಬ್ಬರ, ಮರದ ಚಕ್ಕೆ.

"ಒಳಗಿನ ಆವಿಯನ್ನ ಫ್ಯಾನು ಇದರ ಅಡಿಗೆ ತಳ್ಳುತ್ತೆ ಮೇಡಂ. ಗೊಬ್ಬರದಲ್ಲಿರೋ ಸೂಕ್ಷ್ಮಜೀವಿಗಳು ಅದನ್ನ ತಿಂತವೆ. ಮೇಲೆ ಬರೋದು ಬರೀ ಗಾಳಿ. ಈಗ ಅವೆಲ್ಲ ಸತ್ತಿವೆ."

11.15ಕ್ಕೆ ಪಂಚನಾಮೆ ಶುರುವಾಯಿತು. ನಾರು ಬಿಳುಚಿಕೊಂಡಿತ್ತು. ತೊಟ್ಟಿಗೆ ನೀರು ಚಿಮುಕಿಸುವ ಟ್ಯಾಂಕಿನ ತಳದಲ್ಲಿ ಬ್ಲೀಚಿಂಗ್ ಪೌಡರ್ ಗಸಿ ಕಟ್ಟಿತ್ತು. ಪಂಪಿನ ಹಿಂದೆ ಹರಿದ ಪೊಟ್ಟಣವೊಂದು ಸಿಕ್ಕಿತು. ಅದರ ಮೇಲೆ ತಿ. ನರಸೀಪುರದ ಅಂಗಡಿಯೊಂದರ ಮೊಹರು.

"ಇದಕ್ಕೆ ನೀರು ಬಿಡೋರು ಯಾರು?"

"ಸೋಸಲೆ ಊರಿನ ಮರಿಯಯ್ಯ. ಇವತ್ತು ರಜೆ." ಮುರಳೀಧರ ತಡೆದು ಹೇಳಿದ, "ಅವರ ಮೇಲೆ ಅನುಮಾನ ಬೇಡ ಮೇಡಂ. ಆರು ವರ್ಷದಿಂದ ಮಗು ಸಾಕಿದ ಹಾಗೆ ಸಾಕಿದ್ದಾರೆ. ಕ್ಲೋರಿನ್ ಇರುತ್ತೆ ಅಂತ ನಲ್ಲಿ ನೀರನ್ನೂ ಬಿಡೋರಲ್ಲ."

ಆ ಕೊನೆಯ ಮಾತನ್ನು ಶ್ರೀವಾಣಿ ಬರೆದುಕೊಂಡರು. ಬ್ಲೀಚಿಂಗ್ ಪೌಡರಿನಲ್ಲಿರುವುದೂ ಕ್ಲೋರಿನ್ನೇ; ಆ ಜೀವಿಗಳು ಯಾವುದರಿಂದ ಸಾಯುತ್ತವೆ ಎಂದು ಸಾಕಿದವನಿಗೆ ಗೊತ್ತು.

ಗುರುವಾರ ಮಧ್ಯಾಹ್ನ 2 ಗಂಟೆಗೆ ತಿ. ನರಸೀಪುರದ ಅಂಗಡಿಯಲ್ಲಿ ಮಾಲೀಕ ಬಸವಯ್ಯ ಪೊಟ್ಟಣವನ್ನು ಗುರುತು ಹಿಡಿದ.

"ಮರಿಯಯ್ಯಂಗೆ ಕೊಟ್ಟಿದ್ದು ಸಾ," ಎಂದ ಸಿದ್ದುವಿಗೆ. "ದಿನಾ ಬಸ್ಸತ್ತೋಕೆ ಮುಂಚೆ ಒಂದೊಂದು ತಕ್ಕೊಂಡೋಗೋರು. ಅದಿನೈದು ದಿನದಿಂದ ಇಂಗೇ."

"ಯಾಕೆ ಅಂತ ಕೇಳಲಿಲ್ವಾ?"

"ಬಾವಿಗೆ ಅಂದ್ರು."

ಕಾರ್ಖಾನೆಯ ಗೇಟಿನಲ್ಲಿ ಕೆಲಸಗಾರರ ಊಟದ ಚೀಲವನ್ನು ಯಾರೂ ತಡಕುವುದಿಲ್ಲ; ಪೊಟ್ಟಣಗಳು ಒಳಗೆ ಹೋದದ್ದು ಹಾಗೆ. ಶ್ರೀವಾಣಿ ಮತ್ತು ಸಿದ್ದು ಸೋಸಲೆಗೆ ಹೋದಾಗ 3.40. ಮರಿಯಯ್ಯ ಒಗೆದ ಅಂಗಿ ತೊಟ್ಟು ಜಗಲಿಯಲ್ಲಿ ಕೂತಿದ್ದ. ಜೀಪು ನೋಡಿ ಎದ್ದು ನಿಂತ.

"ನಾನೇ ಸುರ್ದೆ ಕಣವ್ವ. ಮಂಗಳವಾರ ಸಂಜೆ, ಮನೆಗೆ ಒರಡೋ ಮುಂಚೆ." ಆಮೇಲೆ ಕೇಳಿದ, "ರೋಜಾ ಎಂಗವ್ಳೆ?"

"ಇನ್ನೂ ಆಕ್ಸಿಜನ್ ಮೇಲಿದ್ದಾಳೆ."

ಅವನು ಕಂಬ ಹಿಡಿದುಕೊಂಡ. "ಬೆಳಿಗ್ಗೆ ಟೇಮ್ನಲ್ಲಿ ಆ ಕಡೆ ಯಾರೂ ಬರಾಕಿಲ್ಲ ಅಂದ್ಕಂಡಿದ್ದೆ."

"ಯಾಕೆ ಮಾಡಿದ್ರಿ?"

ಅವನ ಹೆಂಡತಿ ಮರಿತಾಯಮ್ಮ ಅದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಡಬ್ಬಿಗೆ ಬಣ್ಣ ತುಂಬುತ್ತಿದ್ದಳು. ಆಗ ಫ್ಯಾನೂ ಇರಲಿಲ್ಲ, ಫಿಲ್ಟರೂ ಇರಲಿಲ್ಲ. ರಕ್ತದ ಕ್ಯಾನ್ಸರಿಗೆ ಎರಡು ವರ್ಷ ನರಳಿ ತೀರಿಹೋದಳು. ಅಲ್ಲಿನ ಗಾಳಿಯೇ ಕಾರಣವೆಂದು ಮರಿಯಯ್ಯ ಪರಿಹಾರ ಕೇಳಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದ. ಇಲ್ಲಿ ಕೆಟ್ಟ ಗಾಳಿಯೇ ಇಲ್ಲವೆಂದು ಕಾರ್ಖಾನೆ ಉತ್ತರ ಕೊಟ್ಟಿತ್ತು. ಪುರಾವೆಗೆ, ಹೊರಬರುವ ಗಾಳಿ ಶುದ್ಧವಿದೆ ಎಂದು ತೋರಿಸುವ ಫಿಲ್ಟರಿನ ಅಳತೆಪಟ್ಟಿ ಲಗತ್ತಿಸಿತ್ತು. ಸ್ಥಳ ತನಿಖೆಗೆ ಇಲಾಖೆಯ ಅಧಿಕಾರಿ ಬರುವ ದಿನ ಇದೇ ಗುರುವಾರವೆಂದು ಗೊತ್ತಾಗಿತ್ತು.

"ನಾನೇ ನೀರು ಬುಟ್ಟು ಬದುಕ್ಸಿದ ಉಳ ಕಣವ್ವ ಅವು. ಅವೇ ನನ್ನೆಂಡ್ತಿ ಮೇಲೆ ಸುಳ್ಳು ಸಾಕ್ಷಿ ಏಳೋದಾ? ಅವ್ಳು ಕುಡ್ದ ಗಾಳಿ ಆಫೀಸರಿಗೂ ಒಂದ್ಸಲ ಗೊತ್ತಾಗ್ಲಿ ಅಂತ ಮಾಡ್ದೆ."

ಸಿದ್ದು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಮೇಡಂ ಮುಖ ನೋಡಿದ. ಮುಂದೆ ಬರಿ ಎಂದು ಶ್ರೀವಾಣಿ ಸನ್ನೆ ಮಾಡಿದರು. ದಸ್ತಗಿರಿಯ ಮೆಮೊಗೆ ಮರಿಯಯ್ಯ ನಿಧಾನವಾಗಿ ಸಹಿ ಹಾಕಿದ.

ಜೀಪು ಹತ್ತುವಾಗ ಕೇಳಿದ, "ಆಫೀಸರು ಬಂದಿದ್ರಾ? ವಾಸ್ನೆ ಬತ್ತಾ ಅವ್ರಿಗೆ?"

ಶ್ರೀವಾಣಿಗೆ ಉತ್ತರ ಗೊತ್ತಿತ್ತು. ಅಧಿಕಾರಿ ಬೆಳಿಗ್ಗೆ 11ಕ್ಕೆ ಬಂದು ಅಂಗಳವೆಲ್ಲ ಸುತ್ತಿ, ಯಾವ ವಾಸನೆಯೂ ಇಲ್ಲವೆಂದು ಬರೆದುಕೊಂಡು ಹೋಗಿದ್ದರು.

"ಇಲ್ಲ ಮರಿಯಯ್ಯ. ರೋಜಾ ಬಿದ್ದ ಮೇಲೆ ನಿನ್ನೆ ಮಧ್ಯಾಹ್ನವೇ ಮಿಷನ್ ಎಲ್ಲಾ ನಿಲ್ಲಿಸಿಬಿಟ್ರು."

ಜೀಪು ಊರು ದಾಟಿತು.

"ನಿಲ್ಲುಸ್ತಾರೆ ಅಂತ ನಂಗೆ ಒಳೀಲೇ ಇಲ್ಲ ಕಣವ್ವ," ಎಂದ ಮರಿಯಯ್ಯ. "ನಮ್ಮವ್ಳು ಬಿದ್ದಾಗ ಯಾರೂ ನಿಲ್ಲುಸ್ನಿಲ್ಲ."