ಕಂಬರಾಯ ಈಜಿದ ದಿನ

"ಕಣ್ಣು ಕಾಣಲ್ವಾ ನಿಮಗೆ? ಬೀಳಿಸಿದ್ದು ನೀವು, ಎತ್ತಿಕೊಡೋಕೂ ಆಗಲ್ವಾ?"

ಈಜುಕೊಳದ ಮೆಟ್ಟಿಲ ಮೇಲೆ ಅವಳು ಸಿಡಿದೆದ್ದಳು. ಅವನು ಡಿಕ್ಕಿ ಹೊಡೆದ ರಭಸಕ್ಕೆ ಅವಳ ಕೈಲಿದ್ದ ಟವೆಲು, ಸೀಟಿ, ಮಕ್ಕಳ ಈಜು ಕನ್ನಡಕ ಎಲ್ಲವೂ ಚೆಲ್ಲಾಪಿಲ್ಲಿ! ಅವನೋ... ಬಗ್ಗಲಿಲ್ಲ, ಕತ್ತೂ ಹೊರಳಿಸಲಿಲ್ಲ. ಇಡೀ ಮೈಯನ್ನೇ ತಿರುಗಿಸಿ, "ಸಾರಿ" ಎಂದು ಹೋಗಿಬಿಟ್ಟ.

'ಅಬ್ಬಾ, ಏನು ಕೊಬ್ಬು! ಥೇಟ್ ಕಂಬ!'

ಆ ಕೊಳದಲ್ಲಿ ಈಜು ಕಲಿಸುವ ಟೀಚರ್ ಅವಳು. ಮರುದಿನ ದೊಡ್ಡವರ ತರಗತಿಗೆ ಹೊಸಬನಾಗಿ ಬಂದು ನಿಂತವನು ಅದೇ ಕಂಬರಾಯ. ಎದುರು ಬೀದಿಯ ಬೇಕರಿಯವನು.

"ನೀರಿಗೆ ಇಳಿಯೋಕಾದ್ರೂ ಬಗ್ತೀರೋ?"

"ಬಗ್ಗೋಕಾಗಲ್ಲ ಮೇಡಂ... ಬೆಳಗ್ಗೆ ಎದ್ದರೆ ಬೆನ್ನು ಹಲಗೆ ಆಗಿರುತ್ತೆ. ಈಜು ಒಳ್ಳೇದು ಅಂದಿದ್ದಾರೆ ಡಾಕ್ಟರು."

ಅವಳು ನಾಲಿಗೆ ಕಚ್ಚಿಕೊಂಡಳು.

ಅಂದಿನಿಂದ ಅವಳು ಅವನನ್ನು ಕೈಹಿಡಿದು ತೇಲಿಸಿದಳು. ಅವನು ಒಲೆಯಿಂದ ಆಗಷ್ಟೇ ತೆಗೆದ ಬನ್ನು ತಂದುಕೊಟ್ಟ.

"ನಿಮಗಿಂತ ನಿಮ್ಮ ಬನ್ನೇ ಮೆತ್ತಗಿದೆ."

"ನಿಮ್ಮ ನಾಲಿಗೆಗಿಂತಲೂ!"

ನಗುನಗುತ್ತಲೇ ಇಬ್ಬರ ಮನಸ್ಸೂ ಜಾರಿತ್ತು. ಆದರೆ ಇದ್ದಕ್ಕಿದ್ದಂತೆ ಅವನು ಬರುವುದನ್ನೇ ನಿಲ್ಲಿಸಿದ. ಅವಳೇ ಬೇಕರಿಗೆ ಹೋದಳು. ಅವನು ಹಿಟ್ಟು ನಾದುತ್ತಲೇ ಹೇಳಿದ...

"ನಂಗೆ ಬೇರೆ ಕಡೆ ಹುಡುಗಿ ನೋಡಿದ್ದಾರೆ. ಇನ್ನು ಬರಬೇಡಿ."

ಕಣ್ಣೊರೆಸಿಕೊಳ್ಳುತ್ತ ಹೊರಬಿದ್ದವಳನ್ನು ಅವನ ಅಕ್ಕ ಓಡಿಬಂದು ಹಿಡಿದುಕೊಂಡಳು.

"ಶುದ್ಧ ಸುಳ್ಳು ಕಣಮ್ಮಾ! ರಕ್ತ ಪರೀಕ್ಷೇಲಿ ಎಚ್ಎಲ್ಎ ಬಿ-27 ಅಂತ ಏನೋ ಬಂದಿದೆ. ವಂಶದಲ್ಲಿ ಹರಿಯುತ್ತಂತೆ. 'ಅವಳ ಬಾಳು, ಹುಟ್ಟೋ ಮಕ್ಕಳ ಬಾಳು ನನ್ನಿಂದ ಹಾಳಾಗಬಾರದು' ಅಂತ ಕೂತಿದ್ದಾನೆ!"

ಅಳು ಅಲ್ಲೇ ಇಂಗಿಹೋಯಿತು. ಅವಳು ಒಳನುಗ್ಗಿ, ಹಿಟ್ಟು ಮೆತ್ತಿದ ಅವನ ಕೈಯನ್ನೇ ಹಿಡಿದಳು.

"ನಡೀರಿ ಡಾಕ್ಟರ ಹತ್ರ! ನನ್ನ ಬಾಳಿನ ತೀರ್ಮಾನ ನಿಮ್ಮೊಬ್ಬರದ್ದಲ್ಲ!"

ಕೇಳಿ ಡಾಕ್ಟರಮ್ಮ ನಕ್ಕರು.

"ಬಿ-27 ಅಂದ್ರೆ ಕಾಯಿಲೆ ಅಲ್ಲಪ್ಪಾ, ಜೀವಕೋಶದ ಮೇಲಿರೋ ಒಂದು ಗುರುತು. ಒಳಗೆ ವೈರಸ್ ನುಗ್ಗಿದ್ರೆ, ಅದರ ಚೂರನ್ನ ಎತ್ತಿಹಿಡಿದು 'ಕಳ್ಳ ಇಲ್ಲಿದ್ದಾನೆ' ಅಂತ ರಕ್ಷಣಾ ಕಣಗಳಿಗೆ ತೋರಿಸುತ್ತೆ. ಕೆಲವು ವೈರಸ್ ಮಣಿಸೋದ್ರಲ್ಲಿ ಇದು ಎತ್ತಿದ ಕೈ! ಕೆಲವರಲ್ಲಿ ಮಾತ್ರ ಆ ಕಾವಲು ಪಡೆ ಮನೆಯವರ ಮೇಲೇ ತಿರುಗಿಬೀಳುತ್ತೆ. ಆಗ ಬೆನ್ನು ಬಿಗಿಯುತ್ತೆ."

"ಮಕ್ಕಳಿಗೆ?" ಅವನು ಕೇಳಿದ.

"ಆ ಗುರುತು ಬರಬಹುದು, ಬರದೇನೂ ಇರಬಹುದು. ಬಂದ್ರೂ ಹೆಚ್ಚಿನವರು ಆರಾಮಾಗಿರ್ತಾರೆ. ನಿನಗೆ ಔಷಧಿ ಇದೆ, ಈಜು ಇದೆ..." ಡಾಕ್ಟರಮ್ಮ ಅವಳತ್ತ ನೋಡಿದರು. "ಟೀಚರೂ ಇದ್ದಾರೆ!"

ಆದರೂ ಅವನು ಅಳುಕಿದ. ಹೊರಗೆ ಬಂದೊಡನೆ ಅವಳೆಂದಳು: "ಕೊಳದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಈಜಿ. ಆಮೇಲೂ ಬೇಡ ಅನ್ನಿಸಿದ್ರೆ, ಸುಮ್ಮನೆ ಹೋಗ್ತೀನಿ."

ತಿಂಗಳುಗಳು ಉರುಳಿದವು. ಔಷಧಿ ಹಿಡಿಯಿತು, ಮೈ ಸಡಿಲವಾಯಿತು. ಒಂದು ಬೆಳಗ್ಗೆ ಅವನು ಹೇಳದೆ ಕೇಳದೆ ನೀರಿಗೆ ಧುಮುಕಿಯೇಬಿಟ್ಟ! ನಡುವಲ್ಲಿ ಉಸಿರು ತಪ್ಪಿತು, ತೋಳು ಸೋತಿತು...

"ಬಿಡಬೇಡ ಕಣೋ!" ಅವನ ಜೊತೆ ಬಂದಿದ್ದ ಅಕ್ಕ ದಡದಿಂದ ಕಿರುಚಿದಳು.

ಅವನು ಬಿಡಲಿಲ್ಲ. ಆ ತುದಿಯ ಗೋಡೆ ಮುಟ್ಟಿದಾಗ ಮಕ್ಕಳೆಲ್ಲ ಹೋ ಎಂದು ಕುಣಿದರು. ಅವಳು ಬಟ್ಟೆ ನೆನೆಯುವುದನ್ನೂ ಮರೆತು ನೀರಿಗಿಳಿದಿದ್ದಳು.

"ಈಗ ಹೇಳಿ... ಬೇಡವಾ ನಾನು?"

"ಬೇಕು. ನೋವಿಲ್ಲದ ದಿನಾನೂ ಬೇಕು, ನೋವಿದ್ದ ದಿನಾನೂ ಬೇಕು. ನೀವು ಒಪ್ತೀರಾ?"

"ಮೊದಲು ಆ 'ನೀವು' ಬಿಡೋ!"

"ಸರಿ... ನೀನು ನನ್ನವಳು ಕಣೇ."

"ಹಾಂ, ಹಾಗೆ ಬಾ ದಾರಿಗೆ!"