ಎಣ್ಣೆಯ ಕೆಳಗಿನ ತುಕ್ಕು

ಮಂಗಳವಾರ ಬೆಳಗ್ಗೆ ಠಾಣೆಗೆ ಬಂದ ಸ್ಟೋರ್‌ಕೀಪರ್ ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಿಂದಿನ ದಿನ ಅವನು ಕೆಲಸ ಮಾಡುವ ಕಾರ್ಖಾನೆಯಲ್ಲೇ ಭಾರ ಎತ್ತುವ ಸರಪಳಿ ತುಂಡಾಗಿ, ಮೋಟಾರು ಮೈಮೇಲೆ ಬಿದ್ದು ಅವನ ಅಳಿಯ ಸತ್ತಿದ್ದ.

"ಯಾರೋ ಬೇಕಂತ್ಲೇ ಸರಪಳಿ ಕೆಡಿಸಿದಾರೆ ಸಾರ್. ಅವ್ನನ್ನ ಬಿಡಬೇಡಿ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಜತೆ ಪಂಚನಾಮೆಗೆ ಹೊರಟರು.

ಸರಪಳಿ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಗರಗಸದ ಗುರುತೇ ಇಲ್ಲ. ತುಂಡಾದ ಕೊಂಡಿಯನ್ನು ಕೆರೆದರೆ ಕೆಂಪು ಪುಡಿ ಉದುರಿತು.

"ಎಣ್ಣೆ ಮೆತ್ಕೊಂಡಿದ್ರೂ ತುಕ್ಕಾ? ಇದ್ಯಾವ ಸೀಮೆ ಕತೆ ಸಾರ್!" ಎಂದ ಕಾನ್‌ಸ್ಟೇಬಲ್.

ಫೋರ್‌ಮನ್ ಹೌಹಾರಿದ. "ವಾರವಾರ ತೊಳೆದು, ಒದ್ದೆಲೇ ಎಣ್ಣೆ ತೊಟ್ಟಿಗೆ ಅದ್ದುತೀವಿ. ಆ ಎಣ್ಣೆಗೆ ಬೆರೆಸಿರೋ ಕೆಮಿಕಲ್ಲು ನೀರನ್ನ ಆಚೆ ತಳ್ಳಿ ಕಬ್ಬಿಣಕ್ಕೆ ಕಚ್ಕೊಳುತ್ತೆ. ಒರೆಸೋ ಗೋಜೇ ಇಲ್ಲ."

ತೊಟ್ಟಿಯ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಶುಕ್ರವಾರ ವರದಿ ಬಂತು: ಬರೀ ಸಾದಾ ಎಣ್ಣೆ. ಅದು ನೀರನ್ನು ತಳ್ಳದೆ ಕೆಳಗೇ ಮುಚ್ಚಿಟ್ಟಿತ್ತು. ಮಾಲೀಕ ಜಿಪುಣತನ ಮಾಡಿದನೆಂದೇ ಇನ್ಸ್‌ಪೆಕ್ಟರ್ ಹಲ್ಲು ಕಡಿದರು. ಹೋಗಿ ನೋಡಿದರೆ ಸರಿಯಾದ ಎಣ್ಣೆಯ ಡ್ರಮ್ಮುಗಳು ಸ್ಟೋರಿನಲ್ಲಿ ಸೀಲು ಒಡೆಯದೆ ಕೂತಿದ್ದವು. ಸ್ಟೋರಿನ ಬೀಗದ ಕೈ ಇದ್ದದ್ದು ಒಬ್ಬನ ಬಳಿ ಮಾತ್ರ.

ಸ್ಟೋರ್‌ಕೀಪರನನ್ನು ಠಾಣೆಗೆ ಕರೆಸಿದರು.

"ಸಿಕ್ಕಿದ್ನಾ ಸಾರ್?" ಬಂದವನೇ ಕೇಳಿದ.

"ತೊಟ್ಟಿಗೆ ಎಣ್ಣೆ ತುಂಬೋದು ಯಾರು?"

"ನಾನೇ."

"ಯಾವ ಎಣ್ಣೆ?"

"ಸಾದಾದು. ಒಂದು ವರ್ಷದಿಂದ."

"ಯಾಕೆ?"

"ಆ ಇನ್ನೊಂದು ನಾತ ಹೊಡೆಯುತ್ತೆ ಸಾರ್. ಎಷ್ಟು ತಿಕ್ಕಿದ್ರೂ ಕೈ ಬಿಟ್ಟು ಹೋಗಲ್ಲ. ಎತ್ಕೊಳಕ್ಕೆ ಹೋದ್ರೆ ಮೊಮ್ಮಗಳು ಕಿಟಾರನೆ ಕಿರುಚ್ತಿದ್ಲು. ಎಣ್ಣೆ ಬದಲಾಯಿಸಿದ್ಮೇಲೇ ತೋಳಿಗೆ ಬಂದಿದ್ದು. ಎಲ್ಲಾ ಎಣ್ಣೆನೂ ಒಂದೇ ಅಲ್ವಾ?"

ಇನ್ಸ್‌ಪೆಕ್ಟರ್ ವರದಿ ಓದಿ ಹೇಳಿದರು. ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಬೇಕಾಯಿತು. ಆಮೇಲೆ ಕೂತ. ತನ್ನ ಅಂಗೈಗಳನ್ನೇ ಪಿಳಿಪಿಳಿ ನೋಡಿದ. ಕಾನ್‌ಸ್ಟೇಬಲ್ ನೀರು ತಂದಿಟ್ಟ. ಅವನು ಮುಟ್ಟಲಿಲ್ಲ.

ನಿರ್ಲಕ್ಷ್ಯದಿಂದ ಸಾವು ಎಂಬ ಕಲಮಿನಡಿ ಬಂಧನ. ದ್ವೇಷವಿರಲಿಲ್ಲ, ಆಸೆಬುರುಕತನವಿರಲಿಲ್ಲ, ಒಂದು ಕೂಸನ್ನು ಎತ್ತಿಕೊಳ್ಳುವ ಹಂಬಲ, ಅಷ್ಟೇ. ಕಾನೂನಿನ ಪ್ರಕಾರ ಕೇಳಲೇಬೇಕಾದ ಪ್ರಶ್ನೆಯೊಂದು ಬಾಕಿಯಿತ್ತು. ಇನ್ಸ್‌ಪೆಕ್ಟರ್ ಪೆನ್ನು ಕೈಗೆತ್ತಿಕೊಂಡರು.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು?"

"ಮನೇಲಿ ಮಗಳೊಬ್ಳೇ ಇರೋದು ಸಾರ್."