ಹೋಗುತ್ತೆ, ಉಳಿಯುತ್ತೆ

ಅವರಿಬ್ಬರ ಮೊದಲ ಜಗಳಕ್ಕೆ ಕಾರಣ ಒಂದೇ ಒಂದು ಮಾತು.

ಹೊಸ ದಾಳಿಂಬೆ ಶರಬತ್ತಿನ ಲೋಟ ಅವನ ಮುಂದಿತ್ತು. "ಹೇಗಿದೆ, ನಾಲಿಗೆಯವರೇ?" ಎಂದು ಅವಳು ಕೇಳಿದಳು. ಆ ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಜ್ಯೂಸೋ ಸೋಡಾವೋ, ಏನೇ ತಯಾರಾಗಲಿ, ಅವನು ರುಚಿ ನೋಡಿ ಹೂಂ ಅನ್ನದೆ ಬಾಟಲಿಗೆ ಇಳಿಯುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವನು ನಾಲಿಗೆ.

ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಆಮೇಲೆ ಹೇಳಿದ, "ಹೋಗುತ್ತೆ."

ಅವಳು ಕುಣಿದುಕೊಂಡೇ ಹೊರಟಳು. ಅವಳು ಸೇಲ್ಸ್‌ನವಳು. ಅಲ್ಲಿ 'ಹೋಗುತ್ತೆ' ಅಂದರೆ ಮಾಲು ಅಂಗಡಿಯಲ್ಲಿ ನಿಲ್ಲದೆ ಖರ್ಚಾಗುತ್ತದೆ ಎಂದರ್ಥ. ಸಂಜೆಯೊಳಗೆ ಊರಿನ ಅರ್ಧ ಅಂಗಡಿಯವರಿಗೆ ಫೋನ್ ಮಾಡಿ ಮಾತು ಕೊಟ್ಟುಬಿಟ್ಟಳು. ಮಾರನೇ ದಿನ ಗೊತ್ತಾಯಿತು, ರುಚಿ ನೋಡುವವರ ಕೋಣೆಯಲ್ಲಿ 'ಹೋಗುತ್ತೆ' ಅಂದರೆ ಬಾಯಲ್ಲಿ ನಿಲ್ಲದೆ ಹಾರಿಹೋಗುತ್ತದೆ, ಚೆಲ್ಲಿಬಿಡಿ ಅಂತ. ಬಾಯಲ್ಲಿ ನಿಲ್ಲುವ ರುಚಿಗೆ ಅವರು 'ಉಳಿಯುತ್ತೆ' ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿಲ್ಲ.

"ಮನುಷ್ಯರ ಭಾಷೇಲಿ ಹೇಳೋಕೆ ಏನ್ರೀ ಕಷ್ಟ ನಿಮಗೆ?" ಎಂದು ಅವಳು ರೇಗಿದಳು.

"ನಾನು ಹೇಳಿದ್ದು ಮನುಷ್ಯರ ಭಾಷೇನೇ. ನೀವು ಕೇಳಿಸ್ಕೊಂಡಿದ್ದು ವ್ಯಾಪಾರದ ಭಾಷೇಲಿ."

"ಇಷ್ಟುದ್ದ ಮಾತು ನಿನ್ನೇನೇ ಆಡಿದ್ರೆ ಮುತ್ತು ಉದುರಿ ಹೋಗ್ತಿತ್ತಾ?"

ಅವನು ನಕ್ಕುಬಿಟ್ಟ. ಅವಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಹಾಗೆ ನಗುವವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಎಂಥ ಹೆಣ್ಣಿಗೂ ಕಷ್ಟವೇ ಬಿಡಿ.

ಆಮೇಲೆ ಅವಳಿಗೆ ಆ ಕೋಣೆಯಲ್ಲಿ ದಿನಾ ಏನಾದರೊಂದು ಕೆಲಸ ಬೀಳತೊಡಗಿತು. ಬಿಳಿ ಟೈಲ್ಸ್, ಉದ್ದನೆಯ ಸಿಂಕ್, ಸಾಲಾಗಿ ಬೋರಲು ಹಾಕಿದ ಗಾಜಿನ ಲೋಟಗಳು. ನೋಡುವಂಥದ್ದೇನೂ ಅಲ್ಲಿರಲಿಲ್ಲ. ಅವನು ಕಣ್ಣು ಮುಚ್ಚಿ ರುಚಿ ನೋಡುವಾಗ ಅವಳು ಧೈರ್ಯವಾಗಿ ಅವನ ರೆಪ್ಪೆಗಳನ್ನೇ ನೋಡುತ್ತಿದ್ದಳು. ಒಂದು ದಿನ ಅವನು ಒಂದೇ ಕಣ್ಣು ತೆರೆದ.

"ಏನ್ ನೋಡ್ತಿದೀರಾ?"

"ಲೋಟ ತೊಳೆದಿದಾರೋ ಇಲ್ವೋ ಅಂತ."

"ಲೋಟ ಈ ಕಡೆ ಇದೆ."

ಅವಳ ಕಿವಿಯವರೆಗೂ ಕೆಂಪೇರಿತು. ಕ್ಯಾಂಟೀನಿನಲ್ಲಿ ಗುಸುಗುಸು ಶುರುವಾಗಿ ಆಗಲೇ ತಿಂಗಳುಗಳಾಗಿದ್ದವು.

ಆದರೆ ಅವಳಿಗೆ ಇನ್ನೊಂದು ಆಸೆಯೂ ಇತ್ತು, ಅದು ಇದಕ್ಕಿಂತ ಹಳೆಯದು. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಪುಟ್ಟ ಕಪ್ಪುಗಳ ಟ್ರೇ ಹಿಡಿದು "ಒಂದ್ಸಲ ರುಚಿ ನೋಡಿ ಸರ್" ಎಂದು ನಿಂತವಳು ಅವಳು. ಅಲ್ಲಿಂದ ಡೆಲಿವರಿ ವ್ಯಾನು ಹತ್ತಿದಳು, ಅಂಗಡಿ ಅಂಗಡಿ ಸುತ್ತಿದಳು. "ಮದುವೆ ವಯಸ್ಸಿನ ಹುಡುಗಿ ಕ್ರೇಟ್ ಹೊರ್ತಾಳಲ್ಲಪ್ಪಾ" ಎಂದು ಹಣೆ ಚಚ್ಚಿಕೊಂಡ ಅಮ್ಮನೇ ಈಗ ನೆಂಟರ ಮುಂದೆ ಮಗಳ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದಳು. ಈಗ ಪೂರ್ವ ವಲಯಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿದ್ದರು. ಅಲ್ಲಿ ಹೊಸ ಕಾರ್ಖಾನೆ, ಹೊಸ ಮಾರುಕಟ್ಟೆ, ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಆ ಕುರ್ಚಿ ಅವಳಿಗೆ ಬೇಕಿತ್ತು, ಬೇಕೇ ಬೇಕಿತ್ತು. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಇಬ್ಬರು: ಅವಳು, ಮತ್ತೆ ಸದಾ ಟೈ ಕಟ್ಟಿಕೊಂಡಿರುವ ಒಬ್ಬ ಮಹಾಶಯ.

ತೀರ್ಮಾನ ಕಂಪನಿಯ ಒಡತಿಯದು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ತಳ್ಳುಗಾಡಿಯಲ್ಲಿ ಜ್ಯೂಸು ಮಾರಿ ಇಷ್ಟು ದೊಡ್ಡ ಕಂಪನಿ ಕಟ್ಟಿದ ಹೆಂಗಸು. ಸಕ್ಕರೆ ಕಾಯಿಲೆ ಬಂದ ಮೇಲೆ ತಮ್ಮದೇ ಶರಬತ್ತನ್ನು ಬಾಯಿಗಿಡುವಂತಿಲ್ಲ, ಹಾಗಾಗಿ ರುಚಿಯ ಕೋಣೆಯತ್ತ ಸುಳಿದೇ ವರ್ಷಗಳಾಗಿದ್ದವು.

ಅವರು ಅವಳನ್ನು ಮಹಡಿಗೆ ಕರೆಸಿದರು.

"ಬೇಜಾರು ಮಾಡ್ಕೋಬೇಡ ಕಣಮ್ಮ, ಟೈಗೇ ಕೊಡ್ತಿದೀನಿ. ನಿನಗೂ ಅದೇ ಇಷ್ಟ ಅಂತ ಗೊತ್ತಾಯ್ತು."

"ನನಗಾ? ಯಾರು ಹೇಳಿದ್ದು?"

"ನಾಲಿಗೆ. ನಿಮ್ಮಿಬ್ಬರ ವಿಷಯ ಕಿವಿಗೆ ಬಿದ್ದಿತ್ತು, ಅದಕ್ಕೆ ಅವನನ್ನೇ ಕೇಳಿದೆ, ಹುಡುಗಿ ಹೇಗಪ್ಪಾ ಅಂತ. 'ಉಳೀತಾರೆ' ಅಂದ. ಇಲ್ಲೇ ಇರೋಳನ್ನ ನಾನ್ಯಾಕೆ ಅಲ್ಲಿಗೆ ಅಟ್ಟಲಿ?"

ಅವಳು ಮುಂದಿನ ಮಾತು ಕೇಳುವ ವ್ಯವಧಾನವೂ ಇಲ್ಲದೆ ದಡದಡ ಮೆಟ್ಟಿಲಿಳಿದಳು.

"ನನ್ನನ್ನ ಒಂದು ಮಾತು ಕೇಳ್ದೆ ನನ್ನ ಭವಿಷ್ಯ ನಿರ್ಧಾರ ಮಾಡೋಕೆ ನೀವ್ಯಾರ್ರೀ?" ಎಂದಳು ಬಾಗಿಲಲ್ಲೇ. "ಉಳೀತಾಳೆ ಅಂತ ದೊಡ್ಡಮ್ಮಂಗೆ ಹೇಳಿದ್ರಂತೆ! ಟೈಗೆ ಹೋಯ್ತು ಕೆಲಸ!"

ಅವನ ಕೈಯಲ್ಲಿದ್ದ ಲೋಟ ಸಿಂಕಿಗೆ ಜಾರಿತು.

"ಅಯ್ಯೋ ದೇವ್ರೇ... ನಾನು ಹೇಳಿದ್ದು ಆ ಉಳಿಯೋದಲ್ಲ."

ಆಗ ಅವಳಿಗೂ ಹೊಳೆಯಿತು. ತನ್ನಲ್ಲಿದ್ದ ಅತಿ ದೊಡ್ಡ ಹೊಗಳಿಕೆಯನ್ನು ಈ ಮಹಾರಾಯ ಅವಳಿಗೆ ಕೊಟ್ಟಿದ್ದ, ಅದು ಅವಳ ಕುರ್ಚಿಯನ್ನೇ ಕಿತ್ತುಕೊಂಡಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಅವನು ಏಪ್ರನ್ ಕೂಡ ಬಿಚ್ಚದೆ ಮಹಡಿಗೆ ಓಡಿದ.

ಅವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು. ಸಿಕ್ಕರೆ ಹೋಗಬೇಕು, ಹೋದರೆ ಇವನಿಲ್ಲ. ಇಷ್ಟು ದಿನ ಯೋಚಿಸದೆ ಮುಂದೂಡಿದ್ದು ಈಗ ಎದೆಯ ಮೇಲೆ ಬಂದು ಕೂತಿತು. ಮೇಲಿನಿಂದ ದೊಡ್ಡಮ್ಮನ ನಗು ಕೆಳಗಿನವರೆಗೂ ಕೇಳಿಸಿತು.

ಅವನು ಏದುಸಿರು ಬಿಡುತ್ತಾ ಬಂದ. "ನಿಮಗೇ ಕೊಟ್ರು. ಟೈಗೆ ಇನ್ನೂ ಹೇಳಿರಲಿಲ್ಲವಂತೆ, ಬದುಕಿದೆ."

ಅವಳಿಗೆ ಖುಷಿಯಾಯಿತು. ಅದರ ಬೆನ್ನಿಗೇ ಆ ರಾತ್ರಿ ರೈಲು ನೆನಪಾಯಿತು. "ಥ್ಯಾಂಕ್ಸ್" ಎಂದಳು.

"ಥ್ಯಾಂಕ್ಸ್ ಹೇಳಬೇಡಿ. ಮೆಟ್ಟಿಲ ಅರ್ಧದಲ್ಲಿ ನಿಂತಿದ್ದೆ. ತಿದ್ದದೇ ಇದ್ರೆ ನೀವಿಲ್ಲೇ ಇರ್ತೀರಲ್ಲ ಅಂತ."

"ಮತ್ಯಾಕೆ ತಿದ್ದಿದ್ರಿ?"

"ಇಲ್ಲಿದ್ದು ನೀವು ಸೊರಗೋದನ್ನ ನನ್ನ ಕೈಲಿ ನೋಡೋಕಾಗಲ್ಲ." ಅವನು ಏಪ್ರನ್ನಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಅಲ್ಲಿಯ ನೀರು ಗಡಸು. ಶರಬತ್ತು ಇಲ್ಲಿಯಂಗೆ ಬರಲ್ಲ. ರುಚಿ ನೋಡೋಕೆ ಒಬ್ರು ಬೇಕಾಗುತ್ತೆ. ನಾನು ಹೋಗ್ಲಾ ಅಂತ ದೊಡ್ಡಮ್ಮನ್ನ ಕೇಳಿದೆ."

"ಏನಂದ್ರು?"

"ಅಲ್ಲಿ ಯಾರು ಬೇಕು ಅನ್ನೋದು ಹೊಸ ಮುಖ್ಯಸ್ಥೆಗೆ ಬಿಟ್ಟಿದ್ದು, ಹೋಗಿ ಅವಳನ್ನೇ ಕೇಳು ಅಂದ್ರು."

"ಅಂದ್ರೆ ನನ್ನ ಹತ್ರ ಅರ್ಜಿ ಹಾಕ್ತಿದೀರಾ?"

"ಎರಡು. ಒಂದು ಕೆಲಸಕ್ಕೆ."

"ಇನ್ನೊಂದು?"

ಒಂದು ಮಾತಿನಲ್ಲಿ ಮುಗಿಸುವ ಮನುಷ್ಯನಿಗೆ ಅವತ್ತು ಆ ಒಂದು ಮಾತೂ ಸಿಗಲೊಲ್ಲದು. ಕೊನೆಗೆ ಹೇಳಿದ, "ನಿಮ್ಮಮ್ಮನ ಹತ್ರ ಬಂದು ಕೇಳಬೇಕಾದ್ದು. ಆದ್ರೂ ಮೊದಲು ನಿಮ್ಮನ್ನ ಕೇಳೋದು ನ್ಯಾಯ. ನೀವಂದ್ರೆ ನನಗೆ ಪ್ರಾಣ ಕಣ್ರೀ. ನನ್ನ ಮದುವೆ ಆಗ್ತೀರಾ?"

ಅವಳು ದುಪಟ್ಟಾ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ವಲಯ ಮುಖ್ಯಸ್ಥೆಯ ಗತ್ತಿನಲ್ಲಿ ಕೂತಳು.

"ಮೊದಲನೇ ಅರ್ಜಿಗೆ ಈಗಲೇ ಮಾತು ಕೊಡೋಕಾಗಲ್ಲ. ಇನ್ನೂ ನಾಲ್ಕು ಜನರನ್ನ ಇಂಟರ್ವ್ಯೂ ಮಾಡ್ಬೇಕು."

ಅವನ ಮುಖ ಸಣ್ಣಗಾಯಿತು. "ಎರಡನೇದು?"

"ಎರಡನೇದಕ್ಕೆ ಬೇರೆ ಯಾರನ್ನೂ ಕರೆಯಲ್ಲ" ಎಂದು ಅವಳು ಅವನ ಒದ್ದೆ ಕೈ ಹಿಡಿದುಕೊಂಡಳು.